ಸಭಾಪಾಲಕರಿಲ್ಲದ ಭಾನುವಾರಗಳು

ಲಂಡನ್ನಿನ ಪಶ್ಚಿಮದಂಚಿನಲ್ಲಿ, ಮೆಟ್ರೊಪಾಲಿಟನ್ ರೈಲುಮಾರ್ಗ ಕೊನೆಗೊಳ್ಳುವ ಅಕ್ಸ್‌ಬ್ರಿಡ್ಜ್‌ನಲ್ಲಿ, 1645ರ ಚಳಿಗಾಲದಲ್ಲಿ ದೊರೆ ಒಂದನೆಯ ಚಾರ್ಲ್ಸನ ಪ್ರತಿನಿಧಿಗಳೂ ಪಾರ್ಲಿಮೆಂಟಿನ ಪ್ರತಿನಿಧಿಗಳೂ ಸುಮಾರು ಮೂರು ವಾರ ಎದುರುಬದುರು ಕುಳಿತು ಸಂಧಾನ ನಡೆಸಿದರು. ಸೇನೆ ಯಾರ ಅಧೀನದಲ್ಲಿರಬೇಕು, ಐರ್ಲೆಂಡಿನ ಗತಿಯೇನು ಎಂಬ ಪ್ರಶ್ನೆಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಆ ಮೇಜಿನ ಮೇಲಿತ್ತು: ಚರ್ಚನ್ನು ಆಳಬೇಕಾದವರು ಬಿಷಪ್ಪರೋ, ಹಿರಿಯರ ಮಂಡಲಿಗಳೋ? ಸಂಧಾನ ಮುರಿದುಬಿದ್ದಿತು, ಯುದ್ಧ ಮುಂದುವರಿಯಿತು. ಆ ಮನೆಯ ಉಳಿದ ಭಾಗ ಇಂದು ‘ಕ್ರೌನ್ ಅಂಡ್ ಟ್ರೀಟಿ’ ಎಂಬ ಪಾನಗೃಹವಾಗಿದೆ.

ಆ ಮೇಜಿಗೆ ಆಹ್ವಾನವಿಲ್ಲದ ಕೆಲವರು ಅದಾಗಲೇ ಮೂರನೆಯ ಉತ್ತರವೊಂದನ್ನು ಅಚ್ಚು ಹಾಕಿಸಿದ್ದರು. 1644ರಲ್ಲಿ ಲಂಡನ್ನಿನ ಏಳು ಪುಟ್ಟ ಬ್ಯಾಪ್ಟಿಸ್ಟ್ ಸಭೆಗಳು ಹೊರಡಿಸಿದ ವಿಶ್ವಾಸ ಪ್ರಕಟಣೆಯ ಪ್ರಕಾರ, ತನ್ನ ಸೇವಕರನ್ನು ಆರಿಸಿಕೊಳ್ಳುವ ಅಧಿಕಾರ ಆಯಾ ಸಭೆಯದೇ. ದೀಕ್ಷಾಸ್ನಾನ ನೀಡುವ ಕಾರ್ಯವೂ ಒಂದು ಪದವಿಗೆ ಕಟ್ಟುಬಿದ್ದದ್ದಲ್ಲ, ಶಿಷ್ಯನಾದವನು ಅದನ್ನು ಮಾಡಬಹುದು. ಮುನ್ನೂರ ಎಂಬತ್ತು ವರ್ಷಗಳ ಹಿಂದಿನ ಈ ಮಾತು ಅಕ್ಸ್‌ಬ್ರಿಡ್ಜ್‌ನಲ್ಲಿ ನೆಲೆಸಿರುವ ನನ್ನಂತಹ ಕನ್ನಡ ಕ್ರೈಸ್ತನಿಗೆ ಈಗ ತೀರ ಹತ್ತಿರದ್ದು. ನಾನು ಆರಾಧನೆಗೆ ಹೋಗುವ ಬ್ಯಾಪ್ಟಿಸ್ಟ್ ಸಭೆಗೆ ಈಗ ಸಭಾಪಾಲಕರಿಲ್ಲ.

ಊರಿನ ಬಂಧುಗಳಿಗೆ ಇದನ್ನು ವಿವರಿಸುವುದು ಸುಲಭವಲ್ಲ. ದಕ್ಷಿಣ ಭಾರತ ಸಭೆಯಲ್ಲಿ ಬೆಳೆದವರಿಗೆ ಅಯ್ಯನವರು ಹೋದರೆ ಇನ್ನೊಬ್ಬ ಅಯ್ಯನವರು ಬರುತ್ತಾರೆ. ಬಿಷಪ್ಪರ ವರ್ಗಾವಣೆಯ ಪಟ್ಟಿ ಅದನ್ನು ನೋಡಿಕೊಳ್ಳುತ್ತದೆ. ಬ್ಯಾಪ್ಟಿಸ್ಟರಲ್ಲಿ ಹಾಗೆ ಕಳುಹಿಸುವವರು ಯಾರೂ ಇಲ್ಲ. ಸಭೆ ತನ್ನ ಪರಿಚಯಪತ್ರವನ್ನು ತಾನೇ ಬರೆಯಬೇಕು. ಒಕ್ಕೂಟದ ನೆರವಿನಿಂದ ಸ್ಥಾನ ಹುಡುಕುತ್ತಿರುವ ಬೋಧಕರ ಹೆಸರುಗಳು ಬರುತ್ತವೆ. ಮಾತುಕತೆಯಾಗಿ, ಒಬ್ಬರು ಬಂದು ಪ್ರಸಂಗ ಮಾಡಿ, ಜನರೊಡನೆ ಕುಳಿತು ಉಂಡು, ಆಮೇಲೆ ಸದಸ್ಯರ ಸಭೆ ಮತ ಹಾಕಬೇಕು. ಕೂದಲೆಳೆಯ ಬಹುಮತ ಬಂದರೆ ವಿವೇಕವುಳ್ಳ ಯಾವ ಬೋಧಕರೂ ಆ ಕರೆಯನ್ನು ಸ್ವೀಕರಿಸುವುದಿಲ್ಲ. ಇದಕ್ಕೆಲ್ಲ ಒಂದು ವರ್ಷ ಹಿಡಿದರೂ ಅಚ್ಚರಿಯಿಲ್ಲ, ಎರಡಾದರೂ ಇಲ್ಲ.

ಅಷ್ಟರವರೆಗೆ ನಡೆಯುವುದು ಹೇಗೆ? ಭಾನುವಾರದ ಪೀಠ ನಾವು ಭಯಪಡುವಷ್ಟು ದೊಡ್ಡ ಸಮಸ್ಯೆಯಲ್ಲ. ನಿವೃತ್ತ ಬೋಧಕರು, ನೆರೆಯ ಸಭೆಗಳ ಉಪದೇಶಕರು, ನಮ್ಮವರೇ ಆದ ಶಾಲಾ ಶಿಕ್ಷಕಿ, ದಾದಿ, ಲೆಕ್ಕಿಗರು ಸರದಿಯಲ್ಲಿ ಪ್ರಸಂಗ ಮಾಡುತ್ತಾರೆ. ಕರ್ತನ ಭೋಜನವನ್ನು ಡೀಕನ್ ಒಬ್ಬರು ನಡೆಸಿಕೊಡಬಹುದು. ಬ್ಯಾಪ್ಟಿಸ್ಟರಲ್ಲಿ ಅದಕ್ಕೆ ದೀಕ್ಷಿತರ ಕೈಯೇ ಬೇಕೆಂಬ ನಿಯಮವಿಲ್ಲ. ಹತ್ತಿರದ ಸಭೆಯ ಬೋಧಕರೊಬ್ಬರು ಮಾರ್ಗದರ್ಶಕರಾಗಿ ಸದಸ್ಯರ ಸಭೆಯ ಅಧ್ಯಕ್ಷತೆ ವಹಿಸುವುದು ವಾಡಿಕೆ. ಲೆಕ್ಕಪತ್ರ, ಮಕ್ಕಳ ಸುರಕ್ಷತೆಯ ನಿಯಮಗಳು, ಕಟ್ಟಡದ ವಿಮೆ ಇವೆಲ್ಲ ಮೊದಲಿನಿಂದಲೂ ಡೀಕನರ ಹೊಣೆಯೇ, ಏಕೆಂದರೆ ಕಾನೂನಿನ ಕಣ್ಣಿನಲ್ಲಿ ಅವರೇ ಧರ್ಮದರ್ಶಿಗಳು.

ಬರಿದಾಗಿ ಕಾಣುವುದು ವಾರದ ಉಳಿದ ಆರು ದಿನಗಳು. ಹಿಲಿಂಗ್‌ಡನ್ ಆಸ್ಪತ್ರೆಯಲ್ಲಿ ಮಲಗಿರುವ ವೃದ್ಧೆಯ ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು? ಪತಿಯನ್ನು ಕಳೆದುಕೊಂಡವಳ ಮನೆಗೆ, ಹೂಗುಚ್ಛಗಳೆಲ್ಲ ಬಾಡಿ ಎಲ್ಲರೂ ಮರೆತ ಆರನೆಯ ವಾರ, ಹೋಗುವವರು ಯಾರು? ಒಳ್ಳೆಯ ಸಭಾಪಾಲಕರ ಕೆಲಸದ ಬಹುಪಾಲು ನಮ್ಮ ಕಣ್ಣಿಗೆ ಬೀಳದೆ ನಡೆಯುತ್ತದೆ. ಆದ್ದರಿಂದ ಅದು ನಿಂತದ್ದೂ ಬೇಗ ತಿಳಿಯುವುದಿಲ್ಲ. ಪ್ರಸಂಗಗಳ ಪಟ್ಟಿಗಿಂತ ಮೊದಲು ಭೇಟಿಗಳ ಪಟ್ಟಿ ಸಿದ್ಧವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಯಾರ ಮನೆಗೆ ಯಾರು, ಯಾವ ವಾರ, ಹೋಗಿ ಬಂದರೋ ಇಲ್ಲವೋ ಎಂಬುದನ್ನು ಬರೆದಿಡಬೇಕು. ಹೀಗೆ ಬರೆದಿಡುವುದು ಪ್ರೀತಿಗೆ ಶೋಭೆಯಲ್ಲವೆಂದು ಕೆಲವರು ಮೂಗು ಮುರಿಯುತ್ತಾರೆ. ಬರೆದಿಡದ ಪ್ರೀತಿ ಮಾತ್ರ ಸಾಮಾನ್ಯವಾಗಿ ಪರಿಚಿತರ ಮನೆಗಳನ್ನಷ್ಟೇ ಸುತ್ತುತ್ತಿರುತ್ತದೆ.

ಇನ್ನೊಂದು ಅಪಾಯವಿದೆ. ದುಡಿಯುವವರು ಎಲ್ಲೆಡೆಯಂತೆ ಇಲ್ಲಿಯೂ ಕೆಲವರೇ. ಬೀಗದ ಕೈ, ಧ್ವನಿವರ್ಧಕ, ಹೀಟರು, ಚಹಾ, ವಾರದ ಪತ್ರಿಕೆ ಎಲ್ಲವೂ ಅದೇ ಐದಾರು ಜನರ ಹೆಗಲಿಗೆ. ಮೊದಲ ಮೂರು ತಿಂಗಳು ಇದರಲ್ಲಿ ಉತ್ಸಾಹವಿರುತ್ತದೆ, ಆಮೇಲೆ ಆಯಾಸ, ಅನಂತರ ಒಂದು ಬಗೆಯ ಒಡೆತನ. ದಣಿದವರು ತಾವು ಹೊತ್ತದ್ದನ್ನು ಇಳಿಸಲೊಪ್ಪದೆ ಹೋಗುವುದು ಮನುಷ್ಯಸ್ವಭಾವ. ಹೊಸ ಸಭಾಪಾಲಕರು ಬಂದ ದಿನ ತೊಡಕು ಶುರುವಾಗುವುದೂ ಅಲ್ಲಿಂದಲೇ. ಪ್ರತಿ ಕೆಲಸಕ್ಕೂ ಒಂದು ಅವಧಿ, ಪ್ರತಿಯೊಬ್ಬರಿಗೂ ವಿರಾಮದ ಕೆಲವು ಭಾನುವಾರಗಳು ಇರಲೇಬೇಕು. ಅಂದು ಆರಾಧನೆ ಅರ್ಧ ಗಂಟೆ ಚಿಕ್ಕದಾದರೆ ಆಗಲಿ. ಎರಡು ಕೀರ್ತನೆ, ಒಂದು ಪಾಠ, ದೀರ್ಘ ಪ್ರಾರ್ಥನೆ, ಸ್ವಲ್ಪ ಮೌನ, ಸಾಕು.

ನಮ್ಮ ನಾಡಿನ ಕ್ರೈಸ್ತರಿಗೆ ಈ ಅನುಭವ ಹೊಸದೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕರಾವಳಿಯಲ್ಲೂ ಧಾರವಾಡದ ಸೀಮೆಯಲ್ಲೂ ಎಂಬತ್ತು ವರ್ಷ ಸಭೆಗಳನ್ನು ಕಟ್ಟಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅವರನ್ನು ಬಂಧನ ಶಿಬಿರಗಳಿಗೆ ಕಳುಹಿಸಲಾಯಿತು, ಬಳಿಕ ದೇಶದಿಂದಲೇ ಹೊರಡಿಸಲಾಯಿತು. ಹಂಚಿನ ಕಾರ್ಖಾನೆಗಳು, ನೇಯ್ಗೆಯ ಶಾಲೆಗಳು ಕೈಬದಲಾದವು. ಸಭೆಗಳು ಮಾತ್ರ ಚದುರಲಿಲ್ಲ. ದೇಶೀಯ ಬೋಧಕರು, ಉಪದೇಶಿಗಳು, ಸಭಾಹಿರಿಯರು ಅವನ್ನು ಹಿಡಿದು ನಿಲ್ಲಿಸಿದರು. ಅದಕ್ಕಿಂತ ಹಿಂದೆ, ಚಪ್ಪಲಿ ಹೊಲಿಯುವ ಕಸುಬಿನಿಂದ ಬಂದ ವಿಲಿಯಂ ಕೇರಿ ಎಂಬ ಬ್ಯಾಪ್ಟಿಸ್ಟ್ ಬೋಧಕ ಬಂಗಾಳದ ಶ್ರೀರಾಮಪುರದಲ್ಲಿ ಕುಳಿತು 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ್ದನೆಂಬುದನ್ನು ಇಲ್ಲಿಯ ಚಹಾದ ಮೇಜಿನಲ್ಲಿ ಹೇಳಿದಾಗ ನನ್ನ ಇಂಗ್ಲಿಷ್ ಮಿತ್ರರಿಗೆ ಆಗುವ ಬೆರಗು ನೋಡತಕ್ಕದ್ದು.

ಈ ಅಂಕಣದ ಓದುಗರಲ್ಲಿ ನಾನು ಮುಖ್ಯವಾಗಿ ನಿವೇದಿಸಬೇಕಾದ ಸಂಗತಿ ಬೇರೆ. ಇಂಥ ಸಭೆಗಳಿಗೆ ವರ್ಷಗಟ್ಟಲೆ ಬರುವ ಭಾರತೀಯ ಕುಟುಂಬಗಳಲ್ಲಿ ಅನೇಕರು ಸದಸ್ಯರಾಗಿರುವುದಿಲ್ಲ. ಬರುತ್ತೇವೆ, ಹಾಡುತ್ತೇವೆ, ಕಾಣಿಕೆ ಹಾಕುತ್ತೇವೆ, ಅಡುಗೆಯ ದಿನ ಬಿರಿಯಾನಿ ತರುತ್ತೇವೆ. ಸದಸ್ಯತ್ವದ ಮಾತೆತ್ತಿದರೆ ‘ನಾವು ಹೊರಗಿನವರು, ನಮಗೇಕೆ’ ಎನ್ನುತ್ತೇವೆ. ಸಭಾಪಾಲಕರಿರುವಾಗ ಈ ಸಂಕೋಚ ವಿನಯದಂತೆ ಕಾಣುತ್ತದೆ. ಅವರಿಲ್ಲದಾಗ ಅದರ ಬೆಲೆ ತಿಳಿಯುತ್ತದೆ. ಮುಂದಿನ ಸಭಾಪಾಲಕರು ಯಾರು, ಪೂರ್ಣಾವಧಿಯೋ ಅರ್ಧಾವಧಿಯೋ, ಅವರ ವಸತಿಗೆ ಹಣವೆಲ್ಲಿ, ಕಟ್ಟಡ ಉಳಿಯಬೇಕೋ ಬೇಡವೋ ಎಂಬುದನ್ನೆಲ್ಲ ನಿರ್ಧರಿಸುವುದು ಸದಸ್ಯರ ಸಭೆ. ಅಲ್ಲಿ ಮತವಿರುವುದು ಸದಸ್ಯರಿಗೆ ಮಾತ್ರ. ಭಾನುವಾರ ಬೆಳಿಗ್ಗೆ ಬೆಂಚುಗಳನ್ನು ತುಂಬುವವರಲ್ಲಿ ಒಂದು ದೊಡ್ಡ ಭಾಗ ಆ ಸಂಜೆ ಮೌನವಾಗಿದ್ದರೆ, ಆರಿಸಿದ ವ್ಯಕ್ತಿ ಇಲ್ಲದ ಒಂದು ಸಭೆಗಾಗಿ ಆರಿಸಲ್ಪಟ್ಟವರಾಗುತ್ತಾರೆ. ಇನ್ನು ಕೆಲವರು ಪೀಠ ಬರಿದಾದ ಕೂಡಲೇ ನಗರದ ದೊಡ್ಡ ಸಭೆಗಳತ್ತ ಕಾರು ತಿರುಗಿಸುತ್ತಾರೆ. ಅಲ್ಲಿಯ ಸಂಗೀತ ಚೆನ್ನಾಗಿದೆ, ಒಪ್ಪುತ್ತೇನೆ.

ನಿಜವಾದ ಒಂದು ತೊಡಕು ಇದೆ, ಅದನ್ನು ಮರೆಮಾಚಬಾರದು. ನಮ್ಮಲ್ಲಿ ಹೆಚ್ಚಿನವರು ಶಿಶುಗಳಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರು. ಕೆಲವು ಬ್ಯಾಪ್ಟಿಸ್ಟ್ ಸಭೆಗಳು ವಿಶ್ವಾಸದ ಅರಿಕೆಯ ಮೇಲೆ ನಮ್ಮನ್ನು ಸದಸ್ಯರನ್ನಾಗಿ ಸ್ವೀಕರಿಸುತ್ತವೆ. ಮತ್ತೆ ಕೆಲವು, ವಯಸ್ಕರಾಗಿ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯಲೇಬೇಕೆನ್ನುತ್ತವೆ. ಅಜ್ಜಿಯ ತೋಳಿನಲ್ಲಿ ಆದ ದೀಕ್ಷೆ ಸಾಲದೇ ಎಂದು ನೊಂದುಕೊಂಡವರನ್ನು ನಾನು ಬಲ್ಲೆ. ಆ ನೋವಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಕೇಳದೆಯೇ ದೂರ ಉಳಿಯುವ ಬದಲು ಡೀಕನರನ್ನು ಕೇಳಿ. ಸಭೆಯ ನಿಯಮಾವಳಿಯ ಪ್ರತಿ ಬೇಡಿ ಓದಿ. ಸಭಾಪಾಲಕರ ಹುಡುಕಾಟಕ್ಕೆಂದು ಸಿದ್ಧವಾಗುತ್ತಿರುವ ಪರಿಚಯಪತ್ರದಲ್ಲಿ ನಿಮ್ಮ ಮನೆಯ ಭಾಷೆಯ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ, ಸೇರಿಸಲು ಅದು ಅಚ್ಚಿಗೆ ಹೋಗುವ ಮುನ್ನವೇ ಹೇಳಿ.