ಬೋರ್ಡು ಬದಲಾಯಿತು, ಗೋಷ್ಠಿ ಯಾವಾಗ?



ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಕೆ.ಆರ್. ಮಾರ್ಕೆಟ್ಟಿನವರೆಗೆ ಅವೆನ್ಯೂ ರಸ್ತೆಯಲ್ಲಿ ಒಮ್ಮೆ ಕಿವಿ ತೆರೆದು ನಡೆಯಿರಿ. ಹಳೇ ಪುಸ್ತಕದ ಅಂಗಡಿ ಮುಂದೆ ನಿಂತ ಇಂಜಿನಿಯರಿಂಗ್ ಹುಡುಗ "ಅಣ್ಣಾ, ಡೇಟಾ ಸ್ಟ್ರಕ್ಚರ್ಸು ಸೆಕೆಂಡ್ ಹ್ಯಾಂಡಲ್ಲಿ ಇದ್ಯಾ?" ಅನ್ನುತ್ತಾನೆ. "ಹಾಫ್ ರೇಟಿಗೆ ಕೊಡ್ತೀನಿ, ತಗೊಳ್ಳಿ" ಎಂದು ಉತ್ತರ ಬರುತ್ತದೆ. ಪಕ್ಕದಲ್ಲಿ ಮದುವೆ ಕಾರ್ಡಿನ ಚೌಕಾಸಿ ಕನ್ನಡದಲ್ಲಿ ಶುರುವಾಗಿ, ತೆಲುಗಿಗೆ ಹೊರಳಿ, ಹಿಂದಿಯಲ್ಲಿ ಮುಗಿಯುತ್ತದೆ. ಇದು ನಮ್ಮ ಪೇಟೆಯ ಕನ್ನಡ. "ಹ್ಯಾಂಡಲ್ಲಿ" ಎಂಬ ಮಾತಿನಲ್ಲಿ ಇಂಗ್ಲಿಷ್ ಎಷ್ಟು, ಕನ್ನಡ ಎಷ್ಟು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿಗೆ ಹೇಳಿಕೊಡಬೇಕು. ಹೇಳಿಕೊಡುತ್ತಿರುವವರು ಯಾರು? ಎಲ್ಲಿ ಕುಳಿತು?

ನಾಮಫಲಕಕ್ಕಾಗಿ 2023ರ ಡಿಸೆಂಬರಿನಲ್ಲಿ ಕನ್ನಡಿಗರು ಬೀದಿಗಿಳಿದರು. ಬೋರ್ಡಿನ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ ತಿದ್ದುಪಡಿ ಕಾನೂನು 2024ರಲ್ಲಿ ಬಂತು. ಅದು ಹೋರಾಟದ ಫಲ. ಆದರೆ ಇನ್ನೊಂದು ಬೋರ್ಡಿದೆ, ಅದು ನಿಮ್ಮ ಜೇಬಿನಲ್ಲಿದೆ! 2021ರ ಜೂನ್‌ನಲ್ಲಿ "ಭಾರತದ ಅತಿ ಕೊಳಕು ಭಾಷೆ ಯಾವುದು" ಎಂದು ಕೇಳಿದವರಿಗೆ ಗೂಗಲ್ ಕನ್ನಡದ ಹೆಸರು ತೋರಿಸಿತು. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿಗಳು ಕನ್ನಡದಲ್ಲಿ ಹಾಕಿದ ಸಂತಾಪವನ್ನು ಮೆಟಾ ಕಂಪನಿಯ ಯಂತ್ರ ಇಂಗ್ಲಿಷಿಗೆ ತಿರುಗಿಸಿತು. ಅಗಲಿದವರು ಸರೋಜಾದೇವಿ, ಯಂತ್ರ ಸಾಯಿಸಿದ್ದು ಸಿದ್ದರಾಮಯ್ಯನವರನ್ನು!

ಎರಡು ಸಲವೂ ನಾವು ಕೂಗಾಡಿದೆವು. ಎರಡು ಸಲವೂ ಅವರು ಕ್ಷಮೆ ಕೇಳಿದರು. ಆಮೇಲೆ? ನಾವು ಮನೆಗೆ ಹೋದೆವು. ಯಂತ್ರಕ್ಕೆ ಕನ್ನಡ ಕಲಿಸುವ, ಕಲಿತದ್ದನ್ನು ಪರೀಕ್ಷೆ ಮಾಡುವ ಜಾಗಕ್ಕೆ ಮಾತ್ರ ನಾವು ಹೋಗಲಿಲ್ಲ.

ಆ ಜಾಗ ಯಾವುದು? ಕಂಪ್ಯೂಟರ್ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನಗಳು. ಹೆದರಬೇಡಿ, ಇದು ನಮಗೆ ಗೊತ್ತಿಲ್ಲದ ವ್ಯವಹಾರವಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರಿಂದ ಸಮ್ಮೇಳನ ನಡೆಸುತ್ತಾ ಬಂದಿದೆ. ಅಲ್ಲಿ ಪ್ರಧಾನ ವೇದಿಕೆಯ ಜೊತೆಗೆ ಗೋಷ್ಠಿಗಳಿರುತ್ತವೆ. ಯಾವ ವಿಷಯಕ್ಕೆ ಗೋಷ್ಠಿ ಸಿಕ್ಕಿತೋ ಆ ವಿಷಯಕ್ಕೆ ಆ ವರ್ಷ ಬೆಲೆ ಬಂತು. ಕಂಪ್ಯೂಟರ್ ಸಮ್ಮೇಳನದಲ್ಲಿ ಗೋಷ್ಠಿಗೆ ಕಾರ್ಯಾಗಾರ ಎನ್ನುತ್ತಾರೆ. ಒಂದೇ ವ್ಯತ್ಯಾಸ: ಇಲ್ಲಿ ವಿಷಯವನ್ನು ಮೇಲಿನವರು ಹಂಚುವುದಿಲ್ಲ. "ಈ ವಿಷಯದ ಮೇಲೆ ಕಾರ್ಯಾಗಾರ ನಡೆಸುತ್ತೇವೆ" ಎಂದು ಆಸಕ್ತರೇ ಅರ್ಜಿ ಹಾಕುತ್ತಾರೆ. ಅರ್ಜಿ ಹಾಕದವನಿಗೆ ವೇದಿಕೆ ಇಲ್ಲ. ಅಷ್ಟೇ!

ಅರ್ಜಿ ಹಾಕಿದವರು ಏನು ಪಡೆದರು ನೋಡಿ. ಐರ್ಲೆಂಡಿನ ಗಾಲ್ವೆ ವಿಶ್ವವಿದ್ಯಾಲಯದಲ್ಲಿದ್ದ ತಮಿಳು ಸಂಶೋಧಕರು ಮುಂದೆ ನಿಂತು ದ್ರಾವಿಡ ಭಾಷೆಗಳಿಗೇ ಒಂದು ಕಾರ್ಯಾಗಾರ ಕಟ್ಟಿದರು. ಮೊದಲನೆಯದು 2021ರ ಏಪ್ರಿಲ್‌ನಲ್ಲಿ ಯುರೋಪಿನ ಗಣಕ ಭಾಷಾಶಾಸ್ತ್ರ ಸಮ್ಮೇಳನದ ಜೊತೆ ನಡೆಯಿತು. ಎರಡನೆಯದು 2022ರಲ್ಲಿ ಡಬ್ಲಿನ್‌ನಲ್ಲಿ, ಮೂರನೆಯದು 2023ರಲ್ಲಿ ಬಲ್ಗೇರಿಯಾದಲ್ಲಿ, ನಾಲ್ಕನೆಯದು 2024ರಲ್ಲಿ ಮಾಲ್ಟಾದಲ್ಲಿ, ಐದನೆಯದು 2025ರಲ್ಲಿ ಅಮೆರಿಕದಲ್ಲಿ. ಅವರು ಕನ್ನಡವನ್ನು ಹೊರಗಿಡಲಿಲ್ಲ. ಯೂಟ್ಯೂಬಿನಲ್ಲಿ ಜನ ಬರೆದ ಪ್ರತಿಕ್ರಿಯೆಗಳಲ್ಲಿ ಬೈಗುಳ ಯಾವುದೆಂದು ಯಂತ್ರ ಗುರುತಿಸಬೇಕೆಂಬ ಮೊದಲ ವರ್ಷದ ಪಂದ್ಯದಲ್ಲಿ ತಮಿಳು, ಮಲಯಾಳಗಳ ಜೊತೆ ಕನ್ನಡವೂ ಇತ್ತು. 2022ರಲ್ಲಿ ಕನ್ನಡದಿಂದ ತುಳುವಿಗೆ ಅನುವಾದ ಮಾಡಿಸುವ ಪಂದ್ಯವನ್ನೂ ಇಟ್ಟರು. ಅದಕ್ಕಾಗಿ ಅವರಿಗೆ ವಂದನೆ ಹೇಳೋಣ.

ಆದರೆ ಲೆಕ್ಕ ನೋಡಿ. ಆ ಬೈಗುಳದ ಪಂದ್ಯಕ್ಕೆ ಗುರುತು ಹಾಕಿ ಕೊಟ್ಟ ಪ್ರತಿಕ್ರಿಯೆಗಳು ತಮಿಳಿನಲ್ಲಿ 43 ಸಾವಿರಕ್ಕೂ ಹೆಚ್ಚು, ಮಲಯಾಳದಲ್ಲಿ 20 ಸಾವಿರ. ಕನ್ನಡದಲ್ಲಿ? 8 ಸಾವಿರಕ್ಕೂ ಕಡಿಮೆ. ಯಾರೂ ಮೋಸ ಮಾಡಲಿಲ್ಲ. ಕೂತು ಗುರುತು ಹಾಕುವ ಕೈಗಳು ಎಲ್ಲಿ ಹೆಚ್ಚಿದ್ದವೋ ಅಲ್ಲಿ ರಾಶಿ ದೊಡ್ಡದಾಯಿತು. ಇನ್ನೊಬ್ಬರ ಮನೆಯ ಊಟಕ್ಕೆ ಹೋದವನು ಬಡಿಸಿದಷ್ಟು ಉಣ್ಣಬೇಕು. ಬಡಿಸುವವನೂ ಇಲ್ಲದಿದ್ದರೆ ಎಲೆಯೇ ಇಲ್ಲ. 2018ರಲ್ಲಿ ಹೈದರಾಬಾದಿನ ಇಂಟರ್‌ಸ್ಪೀಚ್ ಸಮ್ಮೇಳನದಲ್ಲಿ ಭಾರತೀಯ ಭಾಷೆಗಳ ಮಾತನ್ನು ಬರಹಕ್ಕಿಳಿಸುವ ಸ್ಪರ್ಧೆ ನಡೆದಾಗ ಇದ್ದದ್ದು ತಮಿಳು, ತೆಲುಗು, ಗುಜರಾತಿ. ಪಕ್ಕದ ರಾಜ್ಯದಲ್ಲೇ ನಡೆದರೂ ಕನ್ನಡಕ್ಕೆ ಜಾಗವಿರಲಿಲ್ಲ.

ತಮಿಳರನ್ನು ಬೈಯುವುದು ಸುಲಭ, ಅವರಿಂದ ಕಲಿಯುವುದು ಕಷ್ಟ. 1999ರಲ್ಲೇ ಅವರು ಚೆನ್ನೈನಲ್ಲಿ ತಮಿಳು ಇಂಟರ್ನೆಟ್ ಸಮ್ಮೇಳನ ಕೂಡಿಸಿ ಕೀಲಿಮಣೆಯ ವಿನ್ಯಾಸವನ್ನು ಒಟ್ಟಾಗಿ ತೀರ್ಮಾನಿಸಿದರು. ಭಾಷೆಯ ಕೆಲಸ ಎಂದರೆ ಮೆರವಣಿಗೆಯ ಜೊತೆಗೆ ಮೇಜಿನ ಕೆಲಸವೂ ಹೌದು ಎಂಬುದು ಅವರಿಗೆ ಬೇಗ ಅರ್ಥವಾಯಿತು.

ನಮ್ಮವರಿಂದ ಆಗದ ಕೆಲಸವೇ ಇದು? ಖಂಡಿತ ಅಲ್ಲ. 2022ರ ಡಿಸೆಂಬರಿನಲ್ಲಿ ದೆಹಲಿಯ ಐಕಾನ್ ಸಮ್ಮೇಳನದಲ್ಲಿ ಮಂಗಳೂರು ವಿಶ್ವವಿದ್ಯಾಲಯದವರು ಮೆಕ್ಸಿಕೋದ ಸಂಶೋಧಕರ ಜೊತೆ ಸೇರಿ "ಕಂಗ್ಲಿಷ್" ಪಂದ್ಯ ನಡೆಸಿದರು. ಕನ್ನಡ ಇಂಗ್ಲಿಷ್ ಬೆರೆತ ಬರಹದಲ್ಲಿ ಒಂದೊಂದು ಪದವೂ ಯಾವ ಭಾಷೆಯದೆಂದು ಯಂತ್ರ ಹೇಳಬೇಕು. ಇಂಗ್ಲಿಷ್ ಪದಕ್ಕೆ ಕನ್ನಡದ ಪ್ರತ್ಯಯ ಅಂಟಿದರೆ ಅದಕ್ಕೇ ಬೇರೆ ವರ್ಗ! ನಮ್ಮ ಅವೆನ್ಯೂ ರಸ್ತೆಯ "ಹ್ಯಾಂಡಲ್ಲಿ" ಬಂದು ಕೂರುವುದು ಅದೇ ವರ್ಗದಲ್ಲಿ. ಮಂಗಳೂರಿನವರು ಮಾಡಿದ್ದನ್ನು ಬೆಂಗಳೂರು ಯಾಕೆ ಮಾಡಬಾರದು? 1909ರ ಟಾಟಾ ಇನ್‌ಸ್ಟಿಟ್ಯೂಟ್ ಇಲ್ಲಿದೆ. 1917ರ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು ಕೆ.ಆರ್. ಸರ್ಕಲ್ಲಿನಲ್ಲಿದೆ. ಗಲ್ಲಿಗೊಂದು ಕಾಲೇಜು, ರಸ್ತೆಗೊಂದು ಕಂಪನಿ. ಕನ್ನಡದ್ದೇ ಕಾರ್ಯಾಗಾರಕ್ಕೆ ಅರ್ಜಿ ಬರೆಯಲು ನಾಲ್ಕು ಜನ ಸಿಗುವುದಿಲ್ಲವೇ? ಸಿಗದಿದ್ದರೆ ಐಟಿ ರಾಜಧಾನಿ ಎಂಬ ಬಿರುದು ಯಾರಿಗಾಗಿ?

ಅರ್ಜಿಯಲ್ಲಿ ಏನಿರಬೇಕು, ಕೇಳಿ. ವಿಷಯ ಏನು, ಈಗ ಯಾಕೆ ಬೇಕು ಎಂಬುದನ್ನು ಕೆಲವೇ ಪುಟಗಳಲ್ಲಿ ಹೇಳಬೇಕು. ಸಂಘಟಕರು ಯಾರು, ಅವರಿಗೆ ಏನು ಅನುಭವ, ಯಾರನ್ನು ಭಾಷಣಕ್ಕೆ ಕರೆಯುತ್ತೀರಿ, ಲೇಖನಗಳನ್ನು ಪರಿಶೀಲಿಸುವವರು ಯಾರು, ಎಷ್ಟು ಜನ ಬರಬಹುದು ಎಂದು ಬರೆಯಬೇಕು. ಗಣಕ ಭಾಷಾಶಾಸ್ತ್ರ ಸಂಘದ ದೊಡ್ಡ ಸಮ್ಮೇಳನಗಳಿಗೆ ಸಾಮಾನ್ಯವಾಗಿ ಒಂದೇ ಕರೆ ತಿಂಗಳುಗಳ ಮೊದಲೇ ಹೊರಡುತ್ತದೆ. ಅರ್ಜಿ ಒಪ್ಪಿಗೆಯಾದ ಮೇಲೆ ನಿಜವಾದ ದುಡಿಮೆ: ಲೇಖನ ಕರೆಯಬೇಕು, ಬರೆದವರ ಹೆಸರು ಮುಚ್ಚಿಟ್ಟು ಪರಿಶೀಲನೆ ಮಾಡಿಸಬೇಕು, ದಿನಾಂಕ ತಪ್ಪದಂತೆ ಫಲಿತಾಂಶ ಕೊಡಬೇಕು, ನಡಾವಳಿ ಅಚ್ಚಿಗೆ ಸಿದ್ಧಮಾಡಬೇಕು. ಆ ಸಂಘದ ನಡಾವಳಿಗಳನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ಪಂದ್ಯ ಇಡುವುದಾದರೆ ಸಾಮಗ್ರಿ ಕೂಡಿಸಿ ಗುರುತು ಹಾಕುವ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು. ಅದಕ್ಕೆ ಡಾಕ್ಟರೇಟ್ ಬೇಕಿಲ್ಲ. ಧಾರವಾಡದ ಕನ್ನಡ, ಕಲಬುರಗಿಯ ಕನ್ನಡ, ಕಾಸರಗೋಡಿನ ಕನ್ನಡ, ಪೇಟೆಯ ಕನ್ನಡ ಬಲ್ಲ ಕಿವಿ ಬೇಕು, ತಾಳ್ಮೆ ಬೇಕು.

"ಲೇಖನಗಳೆಲ್ಲ ಇಂಗ್ಲಿಷಿನಲ್ಲಿ ತಾನೆ? ಕನ್ನಡಕ್ಕೇನು ಲಾಭ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಲೇಖನ ಇಂಗ್ಲಿಷಿನಲ್ಲಿರಲಿ, ಪರೀಕ್ಷೆಗೆ ಕೂರುವುದು ಕನ್ನಡದ ಯಂತ್ರ. ಒಂದು ಕಾರ್ಯಾಗಾರದಿಂದ ನಾಳೆಯೇ ಮೆಟಾ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಮುಂದಿನ ಸಲ ಎಡವಟ್ಟಾದಾಗ "ನಿಮ್ಮ ಯಂತ್ರ ಕನ್ನಡದಲ್ಲಿ ನೂರಕ್ಕೆ ಇಷ್ಟು ತಪ್ಪು ಮಾಡುತ್ತಿದೆ, ಇಗೋ ಪುರಾವೆ" ಎಂದು ಮುಖಕ್ಕೆ ಹಿಡಿಯಲು ಕೈಯಲ್ಲಿ ಕಾಗದ ಇರುತ್ತದೆ. ಕೂಗಿಗೆ ಕ್ಷಮೆ ಸಿಗುತ್ತದೆ, ಪುರಾವೆಗೆ ಉತ್ತರ ಕೊಡಬೇಕಾಗುತ್ತದೆ.

ಇನ್ನು ಖರ್ಚು. ವಿದೇಶ ಪ್ರಯಾಣ, ನೋಂದಣಿ ಶುಲ್ಕ ಬಡ ವಿದ್ಯಾರ್ಥಿಗೆ ಭಾರವೇ. ರಾಜ್ಯೋತ್ಸವದ ಪೆಂಡಾಲಿಗೆ ಹಣ ಹುಡುಕುವ ಸರ್ಕಾರ ಕನ್ನಡದ ಕಾರ್ಯಾಗಾರ ನಡೆಸುವ ವಿದ್ಯಾರ್ಥಿಗಳ ಪ್ರಯಾಣಕ್ಕೂ ಹುಡುಕಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ಐಟಿ ಬಿಟಿ ಇಲಾಖೆ ಇದಕ್ಕೊಂದು ಸಹಾಯನಿಧಿ ಇಡಲಿ. ಸಾರ್ವಜನಿಕ ಹಣದಿಂದ ಕೂಡಿಸಿದ ಸಾಮಗ್ರಿ ಸಾರ್ವಜನಿಕರಿಗೆ ಮುಕ್ತವಾಗಿ ಸಿಗಬೇಕು, ಪ್ರತಿ ಲೇಖನದ ಸಾರಾಂಶ ಕನ್ನಡದಲ್ಲೂ ಬರಬೇಕು ಎಂಬ ಷರತ್ತೂ ಇರಲಿ. ಈ ಬೇಡಿಕೆಗೆ ಹೋರಾಟ ಬೇಕಾದರೆ ಅದನ್ನೂ ಮಾಡೋಣ. ಅದು ನಮಗೆ ಹೊಸದೇನಲ್ಲ.

1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದಾಗ ಪ್ರಶ್ನೆ ಒಂದೇ ಇತ್ತು: ನಮ್ಮ ಮಕ್ಕಳ ಶಾಲೆಯಲ್ಲಿ ಕನ್ನಡಕ್ಕೆ ಯಾವ ಸ್ಥಾನ? ಈಗ ಯಂತ್ರಗಳು ಶಾಲೆಗೆ ಸೇರಿವೆ. ಪಠ್ಯ ಬರೆಯುವವರು, ಪ್ರಶ್ನೆಪತ್ರಿಕೆ ಮಾಡುವವರು ಕಾರ್ಯಾಗಾರಗಳಲ್ಲಿ ಕುಳಿತಿದ್ದಾರೆ. ಗೆಳೆಯರೇ, ನಿಮ್ಮ ಕಾಲೇಜಿನಲ್ಲಿ ಈ ವಾರವೇ ನಾಲ್ಕು ಜನ ಸೇರಿ. ಒಬ್ಬ ಮೇಷ್ಟರನ್ನು ಹಿಡಿಯಿರಿ. ಮುಂದಿನ ಕರೆ ಬರುವ ಹೊತ್ತಿಗೆ ಕನ್ನಡದ ಅರ್ಜಿ ಮೇಜಿನ ಮೇಲಿರಲಿ. ತಿರಸ್ಕಾರವಾದರೆ ತಿದ್ದಿ ಮತ್ತೆ ಹಾಕಿ.

ಸಿರಿಗನ್ನಡಂ ಗೆಲ್ಗೆ!