ಹನ್ನೆರಡು ನಾಮನಿರ್ದೇಶನ, ಒಮ್ಮೆಯೂ ಬಾರದ ಎಮ್ಮಿ

ಪ್ರಶಸ್ತಿ ಸಮಿತಿಗಳು ನಿಜವಾಗಿ ಅಳೆಯುವುದು ಏನನ್ನು? ಈ ಪ್ರಶ್ನೆಯನ್ನು ಪರಿಶೀಲಿಸಲು ಅಮೆರಿಕದ ಕಿರುತೆರೆಯ ಇತಿಹಾಸದಲ್ಲಿ ಅಪರೂಪದ ನಿದರ್ಶನವೊಂದಿದೆ. ಅದು, ಸಿಬಿಎಸ್ ವಾಹಿನಿಯು 1984ರಿಂದ 1996ರವರೆಗೆ ಪ್ರಸಾರ ಮಾಡಿದ ‘ಮರ್ಡರ್, ಶಿ ರೋಟ್’ ಎಂಬ ಪತ್ತೇದಾರಿ ಧಾರಾವಾಹಿ. ಹನ್ನೆರಡು ವರ್ಷಗಳಲ್ಲಿ 264 ಕಂತುಗಳು. ಮೇನ್ ರಾಜ್ಯದ ಕ್ಯಾಬಟ್ ಕೋವ್ ಎಂಬ ಕಾಲ್ಪನಿಕ ಊರಿನಲ್ಲಿ ನೆಲೆಸಿದ, ನಿವೃತ್ತ ಇಂಗ್ಲಿಷ್ ಅಧ್ಯಾಪಕಿಯೂ ವಿಧವೆಯೂ ಆದ ಪತ್ತೇದಾರಿ ಕಾದಂಬರಿಗಾರ್ತಿ ಜೆಸ್ಸಿಕಾ ಫ್ಲೆಚರ್ ಇದರ ನಾಯಕಿ. ಆ ಪಾತ್ರ ವಹಿಸಿದ ಏಂಜೆಲಾ ಲ್ಯಾನ್ಸ್‌ಬರಿ ಅವರ ಹೆಸರು 1985ರಿಂದ 1996ರವರೆಗೆ ಒಂದು ವರ್ಷವೂ ತಪ್ಪದೆ ಎಮ್ಮಿ ಪ್ರಶಸ್ತಿಯ ಅತ್ಯುತ್ತಮ ನಟಿ ವಿಭಾಗದ ಅಂತಿಮ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಹನ್ನೆರಡು ಸಲವೂ ಪ್ರಶಸ್ತಿ ಬೇರೆಯವರ ಪಾಲಾಯಿತು.

ಧಾರಾವಾಹಿಗೂ ಇದೇ ಅನುಭವ. ಅತ್ಯುತ್ತಮ ಧಾರಾವಾಹಿ ಎಂಬ ವಿಭಾಗದಲ್ಲಿ 1985, 1986 ಮತ್ತು 1987ರಲ್ಲಿ ನಾಮನಿರ್ದೇಶನಗೊಂಡು ಮೂರೂ ಸಲ ಸೋತಿತು. ಮೊದಲ ವರ್ಷ ಜಾನ್ ಆಡಿಸನ್ ಅವರ ಸಂಗೀತಕ್ಕೆ ಎಮ್ಮಿ ಬಂತು. ಮರುವರ್ಷ ವಸ್ತ್ರವಿನ್ಯಾಸಕ್ಕೆ ಬಂತು. ಕಥೆಯನ್ನು ಹೊತ್ತು ನಡೆಸಿದವರಿಗೆ ಬರಲಿಲ್ಲ. 1993ರ ಎಮ್ಮಿ ಸಮಾರಂಭವನ್ನು ನಿರೂಪಿಸಿದವರು ಸ್ವತಃ ಲ್ಯಾನ್ಸ್‌ಬರಿ. ಆ ರಾತ್ರಿಯೂ ಅತ್ಯುತ್ತಮ ನಟಿ ಪ್ರಶಸ್ತಿ ‘ಪಿಕೆಟ್ ಫೆನ್ಸಸ್’ ಧಾರಾವಾಹಿಯ ಕ್ಯಾಥಿ ಬೇಕರ್ ಅವರಿಗೆ ಸಂದಿತು.

ಇದು ಕೇವಲ ದುರದೃಷ್ಟವೇ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸಹಜವಾಗಿಯೇ ಒಂದು ಸಣ್ಣ ಲೆಕ್ಕ ಹೊಳೆಯುತ್ತದೆ. ಪ್ರತಿವರ್ಷ ಐವರು ಸ್ಪರ್ಧಿಗಳಿದ್ದು, ಚೀಟಿ ಎತ್ತಿ ವಿಜೇತರನ್ನು ನಿರ್ಧರಿಸಿದರು ಎಂದುಕೊಳ್ಳೋಣ. ಹನ್ನೆರಡು ವರ್ಷ ಸತತವಾಗಿ ಒಬ್ಬರೇ ಸೋಲುವ ಸಂಭವ ನೂರಕ್ಕೆ ಸುಮಾರು ಏಳು ಮಾತ್ರ. ಅಂದರೆ ಅಸಾಧ್ಯವಲ್ಲ, ಆದರೆ ಆಕಸ್ಮಿಕವೆಂದು ಸುಮ್ಮನಾಗುವಷ್ಟು ಸಾಮಾನ್ಯವೂ ಅಲ್ಲ. ಅಳತೆಗೋಲಿನಲ್ಲಿಯೇ ಏನಾದರೂ ವಾಲಿಕೆ ಇದೆಯೇ ಎಂದು ನೋಡುವುದು ನ್ಯಾಯ.

ಆ ಕಾಲದ ಎಮ್ಮಿ ಪದ್ಧತಿಯಲ್ಲಿ ಎರಡು ಹಂತಗಳಿದ್ದವು. ನಾಮನಿರ್ದೇಶನಕ್ಕೆ ಅಕಾಡೆಮಿಯ ಆಯಾ ವಿಭಾಗದ ಸದಸ್ಯರೆಲ್ಲರೂ ಮತ ಹಾಕುತ್ತಿದ್ದರು. ಅಂತಿಮ ಆಯ್ಕೆ ಮಾತ್ರ ಒಂದು ಸಣ್ಣ ತೀರ್ಪುಗಾರ ಮಂಡಳಿಯ ಕೈಯಲ್ಲಿತ್ತು. ಸ್ಪರ್ಧಿಗಳ ಪರವಾಗಿ ಆರಿಸಿ ಕಳುಹಿಸಿದ ಕಂತುಗಳನ್ನು ನೋಡಿ ಆ ಮಂಡಳಿ ತೀರ್ಪು ನೀಡುತ್ತಿತ್ತು. ಮೊದಲ ಹಂತದಲ್ಲಿ ಸಹೋದ್ಯೋಗಿಗಳ ಮುಂದಿದ್ದುದು ವರ್ಷವಿಡೀ ನಡೆದ ಕೆಲಸ. ಎರಡನೆಯ ಹಂತದಲ್ಲಿ ಮಂಡಳಿಯ ಮುಂದಿದ್ದುದು ಆ ಕೆಲಸದ ಒಂದು ತುಣುಕು. ಲ್ಯಾನ್ಸ್‌ಬರಿ ಮೊದಲ ಪರೀಕ್ಷೆಯಲ್ಲಿ ಹನ್ನೆರಡು ಸಲ ಉತ್ತೀರ್ಣರಾದರು, ಎರಡನೆಯದರಲ್ಲಿ ಹನ್ನೆರಡು ಸಲವೂ ಹಿಂದೆ ಉಳಿದರು. ಈ ಅಂತರದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ನಾನು ಭಾವಿಸುತ್ತೇನೆ.

ಪತ್ತೇದಾರಿ ಕಥೆಯ ರಚನೆಯನ್ನು ಗಮನಿಸಬೇಕು. ಅಲ್ಲಿ ಅಳುವವರು ಸತ್ತವನ ಬಂಧುಗಳು. ಕುಸಿದು ಬೀಳುವವನು ಸಿಕ್ಕಿಬಿದ್ದ ಕೊಲೆಗಾರ. ಈ ಪಾತ್ರಗಳು ಬಹುಮಟ್ಟಿಗೆ ಆ ವಾರದ ಅತಿಥಿ ನಟರದ್ದು. ಪತ್ತೇದಾರಿಣಿ ಮಾತ್ರ ಸಮಚಿತ್ತದಿಂದ ಕೇಳಬೇಕು, ನೋಡಬೇಕು, ನೆನಪಿಡಬೇಕು. ಆಕೆಯ ಮೇಲೆ ವೀಕ್ಷಕರಿಗೆ ನಂಬಿಕೆ ಹುಟ್ಟುವುದು ಆಕೆ ವಾರದಿಂದ ವಾರಕ್ಕೆ ಬದಲಾಗದಿರುವುದರಿಂದ. ಇಂಥ ಅಭಿನಯದಿಂದ ಒಂದು ಕಂತನ್ನು ಬೇರ್ಪಡಿಸಿ ಮಂಡಳಿಯ ಮುಂದಿಟ್ಟರೆ ಅದರಲ್ಲಿ ಕಣ್ಣಿಗೆ ಹೊಡೆಯುವಂಥದು ಏನೂ ಕಾಣುವುದಿಲ್ಲ. ಅದರ ಗುಣವಿರುವುದು 264 ಕಂತುಗಳ ಸಾತತ್ಯದಲ್ಲಿ.

ಲ್ಯಾನ್ಸ್‌ಬರಿಯವರನ್ನು ಹಿಂದಿಕ್ಕಿದವರು ಅನರ್ಹರಾಗಿರಲಿಲ್ಲ. 1985 ಮತ್ತು 1988ರಲ್ಲಿ ಟೈನ್ ಡಾಲಿ, 1986 ಮತ್ತು 1987ರಲ್ಲಿ ಶರಾನ್ ಗ್ಲೆಸ್ ಗೆದ್ದರು. ಇಬ್ಬರೂ ‘ಕ್ಯಾಗ್ನಿ ಆ್ಯಂಡ್ ಲೇಸಿ’ಯಲ್ಲಿ ಪೊಲೀಸ್ ಅಧಿಕಾರಿಣಿಯರ ಪಾತ್ರ ವಹಿಸಿದವರು. ಗ್ಲೆಸ್ ಅವರ ಪಾತ್ರ ಮದ್ಯವ್ಯಸನದೊಡನೆ ಹೋರಾಡುತ್ತದೆ. 1989 ಮತ್ತು 1992ರಲ್ಲಿ ಗೆದ್ದ ಡೇನಾ ಡೆಲಾನಿ ‘ಚೈನಾ ಬೀಚ್’ನಲ್ಲಿ ವಿಯೆಟ್ನಾಂ ಯುದ್ಧಭೂಮಿಯ ದಾದಿ. ಇವೆಲ್ಲ ಶಕ್ತ ಪಾತ್ರಗಳು. ಆದರೆ ಸಂಕಟವನ್ನು ಮೈಮೇಲೆ ಧರಿಸಿದ ಪಾತ್ರ ಒಂದೇ ಕಂತಿನಲ್ಲಿ ತನ್ನ ಅರ್ಹತೆಯನ್ನು ಸಾಬೀತುಪಡಿಸಬಲ್ಲದು. ಸಂಕಟವನ್ನು ಬಿಡಿಸುವ ಪಾತ್ರಕ್ಕೆ ಆ ಅನುಕೂಲವಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಇದೇ ಧಾರಾವಾಹಿಯ ಸೃಷ್ಟಿಕರ್ತರಲ್ಲಿ ಇಬ್ಬರಾದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಅದಕ್ಕೂ ಮೊದಲು ‘ಕೊಲಂಬೊ’ವನ್ನು ರೂಪಿಸಿದ್ದರು. ಅದರ ನಾಯಕ ಪೀಟರ್ ಫಾಕ್ ಅದೇ ಪಾತ್ರಕ್ಕೆ ನಾಲ್ಕು ಎಮ್ಮಿ ಪಡೆದರು. ಹಾಗಾದರೆ ಪತ್ತೇದಾರಿ ಪಾತ್ರಕ್ಕೆ ಪ್ರಶಸ್ತಿ ಸಿಗುವುದಿಲ್ಲ ಎನ್ನುವುದು ಹೇಗೆ? ವ್ಯತ್ಯಾಸವನ್ನು ನೋಡಬೇಕು. ‘ಕೊಲಂಬೊ’ದಲ್ಲಿ ಕೊಲೆಗಾರ ಯಾರೆಂಬುದು ಆರಂಭದಲ್ಲಿಯೇ ಗೊತ್ತು, ಉಳಿದ ಕಥೆಯೆಲ್ಲ ಅವನಿಗೂ ಪತ್ತೇದಾರನಿಗೂ ನಡೆಯುವ ಮುಖಾಮುಖಿ ಸೆಣಸಾಟ. ಸುಕ್ಕುಗಟ್ಟಿದ ಕೋಟು, ಸಿಗಾರು, ಹೊರಟವನು ಮತ್ತೆ ತಿರುಗಿ ಬಂದು ಕೇಳುವ ಇನ್ನೊಂದು ಪ್ರಶ್ನೆ ಇವೆಲ್ಲ ಒಂದೇ ಕಂತಿನಲ್ಲಿ ಮನಸ್ಸಿಗೆ ನಾಟುತ್ತವೆ. ಫಾಕ್ ದೊಡ್ಡ ನಟ, ಸಂದೇಹವಿಲ್ಲ. ಆದರೆ ಅವರ ಹಿರಿಮೆ ತುಣುಕಿನಲ್ಲಿಯೂ ಕಾಣುವಂಥದು. ಆ ಕೋಟು ಧರಿಸದ ಜೆಸ್ಸಿಕಾ ಫ್ಲೆಚರ್‌ಗೆ ಆ ಸೌಲಭ್ಯ ಇರಲಿಲ್ಲ.

ವಯಸ್ಸಿನ ಮಾತನ್ನೂ ಮರೆಯುವಂತಿಲ್ಲ. ಧಾರಾವಾಹಿ ಆರಂಭವಾದಾಗ ಲ್ಯಾನ್ಸ್‌ಬರಿಯವರಿಗೆ 58 ವರ್ಷ, ಮುಗಿದಾಗ 70. ಅಲ್ಲಿನ ಜಾಹೀರಾತುದಾರರ ಲೆಕ್ಕದಲ್ಲಿ ಬೆಲೆಯುಳ್ಳ ವೀಕ್ಷಕರೆಂದರೆ 18ರಿಂದ 49 ವಯಸ್ಸಿನವರು. ಭಾನುವಾರ ರಾತ್ರಿ ವರ್ಷಗಟ್ಟಲೆ ಯಶಸ್ವಿಯಾಗಿ ನಡೆದ ಧಾರಾವಾಹಿಯನ್ನು 1995ರಲ್ಲಿ ವಾಹಿನಿ ಗುರುವಾರಕ್ಕೆ ವರ್ಗಾಯಿಸಿ, ಎನ್‌ಬಿಸಿಯ ಜನಪ್ರಿಯ ‘ಫ್ರೆಂಡ್ಸ್’ನ ಎದುರು ನಿಲ್ಲಿಸಿತು. ಮರುವರ್ಷ ಅದು ಮುಗಿಯಿತು. ಹಿರಿಯರು ಹಿರಿಯರಿಗಾಗಿ ಮಾಡಿದ್ದೆಂಬ ಭಾವನೆ ತೀರ್ಪುಗಾರರ ಮನಸ್ಸಿನಲ್ಲಿಯೂ ಕೆಲಸ ಮಾಡಿರಬಹುದೆಂದು ನನಗನಿಸುತ್ತದೆ.

ಇನ್ನೊಂದು ಸೋಜಿಗವಿದೆ. ಗೋಲ್ಡನ್ ಗ್ಲೋಬ್ ಪ್ರಶಸ್ತಿ ಈ ಪಾತ್ರಕ್ಕಾಗಿ ಲ್ಯಾನ್ಸ್‌ಬರಿಯವರಿಗೆ ನಾಲ್ಕು ಸಲ ಬಂತು. ಧಾರಾವಾಹಿಗೂ ಎರಡು ಸಲ ಸಂದಿತು. ಅದನ್ನು ಕೊಡುತ್ತಿದ್ದುದು ನೂರಕ್ಕೂ ಕಡಿಮೆ ಸದಸ್ಯರಿದ್ದ ವಿದೇಶಿ ಪತ್ರಕರ್ತರ ಸಂಘ. ಆ ಸಂಘದ ನಡವಳಿಕೆ 2021ರಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. 2022ರ ಸಮಾರಂಭವನ್ನು ಎನ್‌ಬಿಸಿ ಪ್ರಸಾರ ಮಾಡಲಿಲ್ಲ. 2023ರಲ್ಲಿ ಪ್ರಶಸ್ತಿಯೇ ಕೈ ಬದಲಾಯಿಸಿತು. ಹೀಗಿದ್ದೂ ಈ ಒಂದು ವಿಷಯದಲ್ಲಿ ದೊಡ್ಡ ಅಕಾಡೆಮಿಗೆ ಕಾಣದ್ದು ಆ ಸಣ್ಣ ಸಂಘಕ್ಕೆ ಕಂಡಿತು. ಸಂಸ್ಥೆಯ ಪ್ರತಿಷ್ಠೆಗೂ ತೀರ್ಪಿನ ಯುಕ್ತತೆಗೂ ನಾವು ಎಣಿಸುವಷ್ಟು ನಿಕಟ ಸಂಬಂಧವಿಲ್ಲ.

ಲ್ಯಾನ್ಸ್‌ಬರಿಯವರಿಗೆ ಇದರಿಂದ ಬದುಕಿನಲ್ಲಿ ಕೊರತೆಯಾಯಿತೆಂದು ಹೇಳಲಾಗದು. ರಂಗಭೂಮಿಯಲ್ಲಿ ಐದು ಸಲ ಸ್ಪರ್ಧೆಯಲ್ಲಿ ಗೆದ್ದ ಟೋನಿ, 2013ರಲ್ಲಿ ಗೌರವ ಆಸ್ಕರ್, 2022ರಲ್ಲಿ ಜೀವಮಾನ ಸಾಧನೆಯ ಟೋನಿ ಅವರಿಗೆ ಸಂದವು. ಅದೇ ವರ್ಷ ಅಕ್ಟೋಬರ್‌ನಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊರತೆ ಉಳಿದದ್ದು ಎಮ್ಮಿಯ ದಾಖಲೆಯಲ್ಲಿ.

ಆಡಳಿತದಲ್ಲಿ ವರ್ಷಗಟ್ಟಲೆ ವಾರ್ಷಿಕ ಗೋಪ್ಯ ವರದಿಗಳನ್ನು ಬರೆದ ನನಗೆ ಈ ಕಥೆ ಅಪರಿಚಿತವಲ್ಲ. ನೆರೆ ಬಂದಾಗ ದೋಣಿಯಲ್ಲಿ ನಿಂತು ಜನರನ್ನು ರಕ್ಷಿಸಿದ ಅಧಿಕಾರಿಗೆ ‘ಅತ್ಯುತ್ತಮ’ ಎಂಬ ಷರಾ ಸಿಗುತ್ತದೆ, ಸಿಗಬೇಕಾದದ್ದೇ. ಆದರೆ ಮಳೆಗಾಲಕ್ಕೆ ಮುನ್ನವೇ ಕಾಲುವೆಯ ಹೂಳು ತೆಗೆಸಿ, ತನ್ನ ತಾಲ್ಲೂಕಿನಲ್ಲಿ ನೆರೆಯೇ ಬಾರದಂತೆ ನೋಡಿಕೊಂಡವನ ವರದಿಯಲ್ಲಿ ಬರೆಯಲು ಘಟನೆಯೇ ಇರುವುದಿಲ್ಲ. ಶಾಲೆ, ಆಸ್ಪತ್ರೆ, ಬ್ಯಾಂಕು ಎಲ್ಲೆಡೆಯೂ ಇಂಥವರಿದ್ದಾರೆ. ಅವರ ಹೆಸರು ಶಿಫಾರಸಿನ ಪಟ್ಟಿಯವರೆಗೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ.

ಪರಿಹಾರ ಕಷ್ಟವೇನಲ್ಲ. 2015ರಲ್ಲಿ ಅಕಾಡೆಮಿಯು ಸಣ್ಣ ಮಂಡಳಿಗಳ ಪದ್ಧತಿಯನ್ನು ಕೈಬಿಟ್ಟು, ಅಂತಿಮ ಮತದಾನವನ್ನು ವಿಭಾಗದ ಅರ್ಹ ಸದಸ್ಯರೆಲ್ಲರಿಗೂ ವಿಸ್ತರಿಸಿತು. ಮತದಾರರ ಸಂಖ್ಯೆ ಹೆಚ್ಚಿತು. ಆದರೆ ನೋಡದೆ ಮತ ಹಾಕುವ ಅಪಾಯವೂ, ಪ್ರಚಾರದ ಪ್ರಭಾವವೂ ಹೆಚ್ಚಿತು. ನನ್ನ ಸಲಹೆ ಬೇರೆ. ಸ್ಪರ್ಧಿ ಆರಿಸಿದ ಒಂದು ಕಂತಿನ ಜೊತೆಗೆ, ಚೀಟಿ ಎತ್ತಿ ಆರಿಸಿದ ಎರಡು ಕಂತುಗಳನ್ನು ತೀರ್ಪುಗಾರರು ನೋಡಲಿ. ಧಾನ್ಯದ ಚೀಲವನ್ನು ಪರೀಕ್ಷಿಸುವವನು ಮಾರುವವನು ತೋರಿಸಿದ ಹಿಡಿಯನ್ನಷ್ಟೇ ನೋಡುವುದಿಲ್ಲ, ತಾನೇ ಇನ್ನೊಂದು ಕಡೆ ಕೈ ಹಾಕಿ ತೆಗೆದು ನೋಡುತ್ತಾನೆ. ಇಷ್ಟು ಎಚ್ಚರವನ್ನು ನಮ್ಮ ಪ್ರಶಸ್ತಿ ಸಮಿತಿಗಳೂ ಬಡ್ತಿ ಸಮಿತಿಗಳೂ ವಹಿಸಿದರೆ, ವರ್ಷವಿಡೀ ಒಂದೇ ಹದದಲ್ಲಿ ದುಡಿಯುವವರೂ ಅವುಗಳ ಕಣ್ಣಿಗೆ ಬೀಳುತ್ತಾರೆ.