ಮೊದಲು ಕಾಯಿಲೆ ಗೊತ್ತಾಗಲಿ, ಟರ್ಬೊ ಆಮೇಲೆ

1991ರ ಕೊನೆಗೆ ಜಪಾನಿನ ರಸ್ತೆಗಿಳಿದ ಮಜ್ದಾ ಆರ್‌ಎಕ್ಸ್-7ರ ಮೂರನೇ ಪೀಳಿಗೆಯ ಕಾರಿನಲ್ಲಿ ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಬಿಚ್ಚಿದರೆ, ಅದರಡಿಯಲ್ಲಿ ಪೆನ್ಸಿಲ್ ದಪ್ಪದ ರಬ್ಬರ್ ಹೋಸುಗಳ ದೊಡ್ಡ ಗೋಜಲೇ ಕಾಣುತ್ತದೆ. 1.3 ಲೀಟರಿನ ರೋಟರಿ ಎಂಜಿನ್, ಅದಕ್ಕೆ ಎರಡು ಟರ್ಬೊ. ಮೊದಲನೆಯದು ಕಡಿಮೆ ವೇಗದಲ್ಲೇ ಕೆಲಸ ಶುರುಮಾಡುತ್ತದೆ. ಎಂಜಿನ್ ನಿಮಿಷಕ್ಕೆ ಸುಮಾರು 4,500 ಸುತ್ತು ಮುಟ್ಟಿದಾಗ ಎರಡನೆಯದು ಹೆಗಲು ಕೊಡುತ್ತದೆ. ಈ ಹಸ್ತಾಂತರವನ್ನು ನಡೆಸುವುದು ಆ ಹೋಸುಗಳು ಮತ್ತು ಅವಕ್ಕೆ ಜೋಡಿಸಿದ ಸೊಲೆನಾಯ್ಡ್ ಕವಾಟಗಳು. ಆರೋಗ್ಯವಾಗಿರುವ ಕಾರಿನಲ್ಲಿ ಟರ್ಬೊದ ಒತ್ತಡ ತೋರಿಸುವ ಬೂಸ್ಟ್ ಗೇಜಿನ ಮುಳ್ಳು 10 ಪಿಎಸ್‌ಐಗೆ ಏರುತ್ತದೆ, ಹಸ್ತಾಂತರದ ಹೊತ್ತಿಗೆ 8ಕ್ಕೆ ಇಳಿದು ಮತ್ತೆ 10ಕ್ಕೆ ಬರುತ್ತದೆ. ಇದು ಆ ಕಾರಿನ ನಾಡಿ. ಮೂವತ್ತು ವರ್ಷ ಎಂಜಿನ್ನಿನ ಕಾವಿನಲ್ಲಿ ಬೆಂದ ಹೋಸು ಒಣಕಡ್ಡಿಯಂತಾಗಿರುತ್ತದೆ, ಕೈಯಿಟ್ಟರೆ ಲಟಕ್ಕನೆ ಮುರಿಯುತ್ತದೆ. ಒಂದೇ ಒಂದು ಸೀಳಿದರೂ ನಾಡಿ ತಪ್ಪುತ್ತದೆ, ಎರಡನೇ ಟರ್ಬೊ ತಡವಾಗಿ ಏಳುತ್ತದೆ ಅಥವಾ ಏಳುವುದೇ ಇಲ್ಲ. ಆಗ ಎಷ್ಟೋ ಜನ ಕೊಡುವ ಸಲಹೆ ಒಂದೇ: ಈ ತಲೆನೋವನ್ನೆಲ್ಲ ಕಿತ್ತೆಸೆದು ಒಂದು ದೊಡ್ಡ ಟರ್ಬೊ ಕೂರಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಳೆಯ ಜಪಾನಿ ವೇಗದ ಕಾರುಗಳನ್ನು ಮಾರ್ಪಡಿಸಬಾರದೆಂದು ನಾನು ಹೇಳುತ್ತಿಲ್ಲ. ದೋಷ ಏನೆಂದು ಪತ್ತೆಮಾಡಿ, ಕಾರನ್ನು ಅದರ ಮೂಲ ಆರೋಗ್ಯಕ್ಕೆ ತಂದ ಮೇಲೆಯೇ ಮಾರ್ಪಾಡಿಗೆ ಕೈಹಾಕಬೇಕು ಎನ್ನುವುದಷ್ಟೇ ನನ್ನ ವಾದ.

ಕಾರಣ ಸರಳ. ಟರ್ಬೊದ ಒತ್ತಡ ಹೆಚ್ಚಿಸಿದರೆ ಶಕ್ತಿಯೊಂದೇ ಹೆಚ್ಚುವುದಿಲ್ಲ, ಒಳಗೆ ಅಡಗಿರುವ ದೋಷವೂ ಅದರ ಜೊತೆಗೇ ಬೆಳೆಯುತ್ತದೆ. ಪೆಟ್ರೋಲ್ ಪಂಪಿಗೆ ಹೋಗುವ ವೈರಿನ ಉದಾಹರಣೆ ನೋಡಿ. ಮೂರು ದಶಕದಲ್ಲಿ ಅದರ ಕನೆಕ್ಟರುಗಳಿಗೆ ಕಿಲುಬು ಹಿಡಿದು ಪಂಪಿಗೆ ಪೂರ್ತಿ ವೋಲ್ಟೇಜ್ ಸಿಗುತ್ತಿರುವುದಿಲ್ಲ. ಪೇಟೆಯೊಳಗೆ ಓಡಿಸುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಬೂಸ್ಟ್ ಏರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದಾಗುತ್ತದೆ, ಮಿಶ್ರಣ ಅಕಾಲದಲ್ಲಿ ಸಿಡಿದು ಎಂಜಿನ್ ನಾಕಿಂಗ್ ಹೊಡೆಯುತ್ತದೆ. ಪಿಸ್ಟನ್ ಎಂಜಿನ್ನಾದರೆ ರಿಂಗ್ ಕೂರುವ ಅಂಚು ಒಡೆಯಬಹುದು. ರೋಟರಿಯಲ್ಲಿ ರೋಟರಿನ ಮೂಲೆಯ ಏಪೆಕ್ಸ್ ಸೀಲ್ ತುಂಡಾಗುತ್ತದೆ, ಆ ಚೂರು ಹೊರಬೀಳುವ ದಾರಿಯಲ್ಲಿ ಹೌಸಿಂಗನ್ನು ಗೀರಿ ಟರ್ಬೊವನ್ನೂ ಹಾಳುಮಾಡಬಲ್ಲದು. ಒಂದು ಕನೆಕ್ಟರ್ ಉಜ್ಜಿದ್ದರೆ ಮುಗಿಯುತ್ತಿದ್ದ ಕೆಲಸ ಪೂರಾ ಎಂಜಿನ್ನಿಗೇ ಬರುತ್ತದೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನಲ್ಲೂ ಇದೇ ಕಥೆ. ಹಳೆಯ ಇಗ್ನಿಷನ್ ಕಾಯಿಲ್ ಬಿರುಕುಬಿಟ್ಟರೆ ಬೂಸ್ಟ್ ಬಂದ ಕೂಡಲೇ ಎಂಜಿನ್ ಮಿಸ್ ಹೊಡೆಯುತ್ತದೆ. ಅದನ್ನು ಟ್ಯೂನಿಂಗ್ ದೋಷವೆಂದುಕೊಂಡು ಎಂಜಿನ್ನಿನ ಕಂಪ್ಯೂಟರಾದ ಇಸಿಯುವನ್ನೇ ಹೊಸದು ಹಾಕಿಸಿದರೆ ಹಣ ಹೋಗುತ್ತದೆ, ಮಿಸ್ ಮಾತ್ರ ಹಾಗೇ ಉಳಿಯುತ್ತದೆ.

ಪತ್ತೆಹಚ್ಚುವ ಕೆಲಸಕ್ಕೆ ಬೇಕಾದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಈಗಿನ ಸ್ಕ್ಯಾನರಿಗೆ ಉತ್ತರಿಸುವ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರಲ್ಲಿ. ಅದಕ್ಕೂ ಹಿಂದಿನ ಜಪಾನಿ ಕಾರುಗಳಿಗೆ ತಮ್ಮದೇ ಭಾಷೆ ಇತ್ತು. ಹೋಂಡಾದಲ್ಲಿ ಎರಡು ಪಿನ್ನಿನ ಒಂದು ಕನೆಕ್ಟರನ್ನು, ಟೊಯೊಟಾದಲ್ಲಿ ಟಿಇ1 ಮತ್ತು ಇ1 ಎಂಬ ತೂತುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರೆ ಸಾಕು, ಡ್ಯಾಷ್‌ಬೋರ್ಡಿನ ಚೆಕ್ ಎಂಜಿನ್ ದೀಪ ಮಿಟುಕಿ ಮಿಟುಕಿ ದೋಷದ ಸಂಖ್ಯೆ ಹೇಳುತ್ತದೆ. ಆದರೆ ದೀಪ ಹೇಳುವುದು ಸೆನ್ಸರುಗಳ ಸುದ್ದಿಯನ್ನು. ಸೀಳಿದ ಹೋಸಿನ ವಿಷಯ ಅದಕ್ಕೆ ಗೊತ್ತಾಗದು. ಅದಕ್ಕೆ ಟರ್ಬೊದ ಬಾಯಿ ಮುಚ್ಚಿ ಒಳಕ್ಕೆ ಕಂಪ್ರೆಸರಿನ ಗಾಳಿ ಬಿಡಬೇಕು, ಸೇರುವೆಗಳಿಗೆಲ್ಲ ಸೋಪಿನ ನೀರು ಹಚ್ಚಬೇಕು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ, ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುವ ಹಾಗೆಯೇ. ಕಂಪ್ರೆಷನ್ ಅಳೆಯುವಾಗ ಮಾತ್ರ ರೋಟರಿ ಎಂಜಿನ್ನಿನಲ್ಲಿ ಎಚ್ಚರ ಬೇಕು. ಒಂದೊಂದು ರೋಟರಿಗೂ ಮೂರು ಮುಖ. ಸಾಮಾನ್ಯ ಗೇಜು ಅವುಗಳಲ್ಲಿ ಗಟ್ಟಿಯಾದ ಮುಖದ ಒತ್ತಡವನ್ನಷ್ಟೇ ತೋರಿಸಿ ಸೋತ ಮುಖವನ್ನು ಮರೆಮಾಚುತ್ತದೆ. ಮೂರನ್ನೂ ಬೇರೆಬೇರೆಯಾಗಿ ಅಳೆಯುವ ಉಪಕರಣವೇ ಆಗಬೇಕು.

ಈ ಎಂಜಿನ್ನುಗಳಿಗೆ ಎಷ್ಟು ಹೊರೆ ಹಾಕಿದರೂ ತಡೆಯುತ್ತವೆ, ಇಷ್ಟೊಂದು ಭಯವೇಕೆ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. 1989ರಿಂದ 2004ರವರೆಗೆ ಜಪಾನಿನ ಕಂಪನಿಗಳು ತಮ್ಮೊಳಗಿನ ಒಪ್ಪಂದದಂತೆ 280 ಅಶ್ವಶಕ್ತಿಗಿಂತ ಹೆಚ್ಚಿನ ಅಂಕಿ ಘೋಷಿಸುತ್ತಿರಲಿಲ್ಲ, ಎಂಜಿನ್ನುಗಳ ಒಳಗೆ ಅದಕ್ಕಿಂತ ಹೆಚ್ಚಿನ ಕಸುವು ಉಳಿದಿರುತ್ತಿತ್ತು. ಟೊಯೊಟಾ ಸುಪ್ರಾದ 2ಜೆಝಡ್-ಜಿಟಿಇ ಎಂಜಿನ್ನಿನ ಎರಕದ ಕಬ್ಬಿಣದ ಬ್ಲಾಕ್ ಅದರ ಹಲವು ಪಟ್ಟು ಹೊರೆ ತಾಳಿದ್ದನ್ನು ಜಗತ್ತು ಕಂಡಿದೆ. ಆದರೆ ಕಬ್ಬಿಣ ತಾಳಿತೆಂದು ಅದರ ಸುತ್ತಲಿನ ರಬ್ಬರು, ಪ್ಲಾಸ್ಟಿಕ್ಕು, ವೈರುಗಳೂ ತಾಳಬೇಕಲ್ಲ! ಹೆಸರುವಾಸಿ ಎಂಜಿನ್ನಿಗೂ ಹುಟ್ಟುದೌರ್ಬಲ್ಯವಿರುತ್ತದೆ. ಸ್ಕೈಲೈನಿನ ಆರಂಭದ ಆರ್‌ಬಿ26 ಎಂಜಿನ್ನುಗಳಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಕ್ರ್ಯಾಂಕಿನ ಭಾಗ ತೀರಾ ಕಿರಿದು. ವೇಗ ಏರಿಸುತ್ತಾ ಹೋದರೆ ಪಂಪಿನ ಗೇರ್ ಒಡೆದು, ಆಯಿಲ್ ಸಿಗದೆ ಎಂಜಿನ್ ಹಿಡಿದುಕೊಳ್ಳಬಹುದು. ಶಕ್ತಿ ಹೆಚ್ಚಿಸುವ ಮೊದಲು ಇಂಥದ್ದನ್ನು ತಿಳಿದುಕೊಂಡು ಸರಿಪಡಿಸುವವನನ್ನೇ ನಾನು ಒಳ್ಳೆಯ ಟ್ಯೂನರ್ ಎನ್ನುತ್ತೇನೆ.

ಮೂಲ ಬಿಡಿಭಾಗ ಸಿಗುವುದೇ ಇಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅದನ್ನು ನಾನು ಅರ್ಧ ಒಪ್ಪುತ್ತೇನೆ. 2017ರಲ್ಲಿ ನಿಸ್ಸಾನ್ ಆರ್32 ಜಿಟಿ-ಆರ್‌ಗೆ, 2020ರಲ್ಲಿ ಟೊಯೊಟಾ ಹಳೆಯ ಸುಪ್ರಾಗಳಿಗೆ ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ತಯಾರಿಸಲು ಹೊರಟವು. ಸ್ವಾಗತಾರ್ಹ, ಆದರೂ ಸಾಲದು. ಹಾಗಾಗಿ ಸಿಲಿಕೋನ್ ಹೋಸು, ಅಲ್ಯುಮಿನಿಯಂ ರೇಡಿಯೇಟರು, ಆರ್‌ಎಕ್ಸ್-7ರಲ್ಲಿ ಬಿರುಕುಬಿಡುವ ಪ್ಲಾಸ್ಟಿಕ್ ಕೂಲೆಂಟ್ ತೊಟ್ಟಿಯ ಬದಲಿಗೆ ಲೋಹದ್ದು, ಇಂಥ ಮಾರ್ಪಾಡುಗಳಿಗೆ ನನ್ನ ತಕರಾರೇ ಇಲ್ಲ. ಅವು ಗೊತ್ತಿರುವ ಕಾಯಿಲೆಗೆ ಗೊತ್ತಿರುವ ಮದ್ದು. ಎರಡು ಟರ್ಬೊ ತೆಗೆದು ಒಂದೇ ಹಾಕುವುದೂ ಅಪರಾಧವಲ್ಲ, ಹಳೆಯ ವ್ಯವಸ್ಥೆ ಏಕೆ ಕೆಟ್ಟಿತ್ತೆಂದು ಮೊದಲು ಗೊತ್ತಾಗಿದ್ದರೆ. ಗೊತ್ತಾಗದೆ ಕಿತ್ತವರು ಸೋತ ಪೆಟ್ರೋಲ್ ಪಂಪನ್ನೂ ಸವೆದ ಸೀಲನ್ನೂ ಹೊಸ ಟರ್ಬೊದ ಕೆಳಗೆ ಹಾಗೆಯೇ ಬಿಟ್ಟಿರುತ್ತಾರೆ.

ನನ್ನ ಕಾರು, ನನ್ನ ಇಷ್ಟ ಎಂಬ ಮಾತೂ ಇದೆ. ನಮ್ಮಲ್ಲಿ ಅದಕ್ಕೆ ಕಾನೂನಿನ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ, ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್, ಮಿತ್ಸುಬಿಷಿ ಲ್ಯಾನ್ಸರ್ ಕಾರುಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರಿಗೆ ಇದು ಅಡ್ಡಿಯೆನಿಸಬಹುದು. ಆದರೆ ಹೋಸು, ಬುಷ್, ಎಂಜಿನ್ ಮೌಂಟಿಂಗ್, ಕಾಯಿಲ್ ಹೊಸದು ಹಾಕಿಸಲು ಯಾವ ಅನುಮತಿಯೂ ಬೇಡ. ಆ ಕಾರುಗಳು ಕಳೆದುಕೊಂಡ ಪಿಕಪ್ಪಿನ ಬಹುಪಾಲು ಅಡಗಿರುವುದೂ ಅಲ್ಲೇ. ಮಾರ್ಪಾಡು ಮಾಡಿಯೇ ತೀರುವವರಿಗೆ ನನ್ನದೊಂದು ವಿನಂತಿ: ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ, ಯಾವ ವೈರನ್ನು ಎಲ್ಲಿ ಕತ್ತರಿಸಿದಿರಿ, ಯಾವ ಹೋಸನ್ನು ಎಲ್ಲಿ ಮುಚ್ಚಿದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಾರಿನಲ್ಲೇ ಇಡಿ. ಹತ್ತು ವರ್ಷದ ನಂತರ ಅದರ ಬಾನೆಟ್ ಎತ್ತಿ ದೋಷ ಹುಡುಕುವ ಮೆಕ್ಯಾನಿಕ್ಕಿಗೆ ಕಂಪನಿಯ ಮ್ಯಾನುಯಲ್ ಉಪಯೋಗಕ್ಕೆ ಬರುವುದಿಲ್ಲ, ಆ ನೋಟ್‌ಬುಕ್ಕೊಂದೇ ದಾರಿ ತೋರಿಸಬೇಕು.